ಪ್ರಧಾನಿಯ ಕಾರು ಹಳೆಯದಾದರೆ ಬದಲಿಸುವುದು ಯಾರು? ಆರೇ ವರ್ಷಕ್ಕೆ ಯಾಕೆ?

ನಮ್ಮ ಪ್ರಧಾನಿ ಶೋರೂಮಿಗೆ ಹೋಗಿ ಬಣ್ಣ ಆರಿಸಿ ಬರುವ ಕಾರಲ್ಲ ಅದು. ಯಾವ ಕಾರು, ಎಷ್ಟು ರಕ್ಷಣೆ ಬೇಕು ಅಂತ ನೋಡುವುದು ಎಸ್‌ಪಿಜಿ. ಇಂದಿರಾ ಗಾಂಧಿ ಹತ್ಯೆಯ ನಂತರ, 1985ರಲ್ಲಿ ಶುರುವಾದ ಭದ್ರತಾ ಪಡೆ.

ಬಹಳ ಕಾಲ ಬಿಳಿ ಅಂಬಾಸಿಡರ್ ಇತ್ತು. ವಾಜಪೇಯಿ ಕಾಲದಲ್ಲಿ ಬಿಎಂಡಬ್ಲ್ಯು 7 ಸೀರೀಸ್ ಬಂತು. ಮನಮೋಹನ್ ಸಿಂಗ್ ಓಡಾಡಿದ್ದೂ ಅದರಲ್ಲೇ; ಸ್ವಂತದ್ದು ಮಾತ್ರ ಮಾರುತಿ 800! 2021ರ ಕೊನೆಯಲ್ಲಿ ಮರ್ಸಿಡಿಸ್ ಮೇಬ್ಯಾಕ್ ಎಸ್650 ಗಾರ್ಡ್ ಕಾಣಿಸಿಕೊಂಡಾಗ ಗದ್ದಲವಾಯಿತು. ಬೆಲೆ 12 ಕೋಟಿ ಅಂತ ಸುದ್ದಿ ಹಬ್ಬಿತು. ಅಷ್ಟೇನಿಲ್ಲ, ತುಂಬಾ ಕಡಿಮೆ ಅಂದವು ಸರ್ಕಾರಿ ಮೂಲಗಳು. ಆರು ವರ್ಷಕ್ಕೆ ಬದಲಿಸುವ ನಿಯಮವಿದೆ, ಹಳೆಯದನ್ನು ಎಂಟು ವರ್ಷ ಓಡಿಸಿದ್ದೇವೆ, ಆ ಮಾಡೆಲನ್ನು ಬಿಎಂಡಬ್ಲ್ಯು ನಿಲ್ಲಿಸಿದೆ ಅಂತಲೂ ಹೇಳಿದವು.

ಆರೇ ವರ್ಷನಾ ಅನ್ನಿಸುತ್ತೆ, ಅಲ್ವಾ? ನಮ್ಮನೆ ಕಾರು ಹದಿನೈದು ವರ್ಷ ಓಡುತ್ತೆ. ಆದರೆ ಗುಂಡು ತಡೆಯುವ ಕಾರಿನ ಭಾರ ಮಾಮೂಲಿ ಕಾರಿಗಿಂತ ಬಹಳ ಜಾಸ್ತಿ. ಬ್ರೇಕು, ಸಸ್ಪೆನ್ಷನ್ ಬೇಗ ಸವೆಯುತ್ತವೆ. ಕಿಟಕಿಯ ಗಾಜನ್ನೇ ನೋಡಿ. ಅದು ಒಂದೇ ಗಾಜಲ್ಲ. ಗಾಜು, ಪ್ಲಾಸ್ಟಿಕ್ ಪದರಗಳನ್ನು ಅಂಟಿಸಿ ಮಾಡಿದ ದಪ್ಪ ಹಲಗೆ. ವರ್ಷಗಟ್ಟಲೆ ಬಿಸಿಲು ತಿಂದರೆ ಅಂಟು ಬಿಡುತ್ತದೆ, ಅಂಚಿನಲ್ಲಿ ಗುಳ್ಳೆ ಏಳುತ್ತವೆ, ನೋಟ ಮಸುಕಾಗುತ್ತದೆ. ಅದನ್ನು ಸುಮ್ನೆ ಪಕ್ಕದ ಗ್ಯಾರೇಜಿನಲ್ಲಿ ಬದಲಿಸಲು ಆಗುವುದಿಲ್ಲ.