ಕಫ ನೆಗೆಟಿವ್, ಎಕ್ಸ್‌ರೇಯಲ್ಲಿ ಮಾತ್ರ ಇನ್ನೂ ಬಿಳುಪು

ಟಿಬಿ ಚಿಕಿತ್ಸೆಯಲ್ಲಿರುವ ಓದುಗರ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಎದೆಯ ಎಕ್ಸ್‌ರೇ ಬಗ್ಗೆಯೇ ಇವೆ. ಒಂದೇ ತೆರನಾದವನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ನಮ್ಮೆಜಮಾನರಿಗೆ 44 ವರ್ಷ. ಕಫದಲ್ಲಿ ಟಿಬಿ ಸಿಕ್ಕಿ ಎರಡು ತಿಂಗಳ ಮಾತ್ರೆ ಮುಗಿದಿದೆ. ಕೆಮ್ಮು ಹೋಗಿದೆ, ತೂಕ 47ರಿಂದ 52 ಕೆ.ಜಿ.ಗೆ ಬಂದಿದೆ, ಕಫ ನೆಗೆಟಿವ್. ಆದರೆ ಹೊರಗಡೆ ತೆಗೆಸಿದ ಎಕ್ಸ್‌ರೇಯಲ್ಲಿ ಬಲಗಡೆ ಮೇಲ್ಭಾಗದ ಮಚ್ಚೆ ಹಾಗೇ ಇದೆಯಂತೆ. ಔಷಧಿ ನಾಟುತ್ತಿಲ್ಲವೇ? ಬದಲಾಯಿಸಬೇಕೇ?
ಗೃಹಿಣಿ, ಪೀಣ್ಯ

ನಾಟುತ್ತಿದೆಯಮ್ಮ. ಕೆಮ್ಮು, ತೂಕ, ಕಫ ಮೂರೂ ಒಂದೇ ಮಾತು ಹೇಳುತ್ತಿರುವಾಗ ಎಕ್ಸ್‌ರೇ ಒಂದನ್ನೇ ನಂಬಿ ಔಷಧಿ ಬದಲಾಯಿಸುವುದು ತಪ್ಪು. ಎಕ್ಸ್‌ರೇಗೆ ಟಿಬಿ ಕ್ರಿಮಿ ಕಾಣುವುದೇ ಇಲ್ಲ. ಕಾಣುವುದು ಕ್ರಿಮಿಯ ಸುತ್ತ ಜಮಾಯಿಸಿದ ಜೀವಕೋಶ, ಗಿಣ್ಣಿನಂತೆ ಹೆಪ್ಪುಗಟ್ಟಿದ ಸತ್ತ ಅಂಗಾಂಶ, ಆಮೇಲೆ ಅದು ಒಣಗಿ ಉಳಿಯುವ ಕಲೆ. ಔಷಧಿ ಶುರುವಾದ ಮೊದಲ ಕೆಲವು ವಾರಗಳಲ್ಲೇ ಬಹುಪಾಲು ಕ್ರಿಮಿಗಳು ಸಾಯುತ್ತವೆ. ಆ ಗಸಿಯನ್ನು ಕರಗಿಸಿ ಸಾಗಿಸಲು ಮಾತ್ರ ದೇಹಕ್ಕೆ ತಿಂಗಳುಗಟ್ಟಲೆ ಬೇಕು. ದೊಡ್ಡ ಮಚ್ಚೆ, ಗುಳಿ ಇದ್ದವರಲ್ಲಿ ಆರು ತಿಂಗಳು ಮುಗಿದ ಮೇಲೂ ಬದಲಾವಣೆ ನಡೆಯುತ್ತಲೇ ಇರುತ್ತದೆ.

ಹಾಗಾಗಿ ಸರ್ಕಾರಿ ಕ್ರಮದಲ್ಲಿ ಮೊದಲ ಸ್ಥಾನ ಕಫಕ್ಕೆ. ನಾಲ್ಕು ಔಷಧಿಯ ಮೊದಲ ಹಂತ (56 ಡೋಸ್) ಮುಗಿದಾಗ ಒಮ್ಮೆ, ಮೂರು ಔಷಧಿಯ ನಾಲ್ಕು ತಿಂಗಳ ಎರಡನೇ ಹಂತ ಮುಗಿದಾಗ ಇನ್ನೊಮ್ಮೆ ಕಫ ಪರೀಕ್ಷೆ. ತೂಕ ತಿಂಗಳಿಗೊಮ್ಮೆ. ಆರಂಭದಲ್ಲೊಂದು, ಕೊನೆಯಲ್ಲೊಂದು ಎಕ್ಸ್‌ರೇ ಇದ್ದರೆ ಹೆಚ್ಚಿನವರಿಗೆ ಸಾಕು. ನಡುವೆ ತೆಗೆಸಬೇಕಾದರೆ ಅದಕ್ಕೊಂದು ಕಾರಣವಿರಬೇಕು.

ತೂಕ ಹೇಳಿದ್ದು ಒಳ್ಳೆಯದಾಯಿತು. ಮಾತ್ರೆಯ ಲೆಕ್ಕ ತೂಕದ ಮೇಲೆ: 35ರಿಂದ 49 ಕೆ.ಜಿ.ವರೆಗೆ ದಿನಕ್ಕೆ ಮೂರು, 50ರಿಂದ 64ರವರೆಗೆ ನಾಲ್ಕು. ನಿಮ್ಮವರು ಐದು ಕೆ.ಜಿ. ಏರಿ ಆ ಗಡಿ ದಾಟಿದ್ದಾರೆ. ಹೊಸ ಮಾತ್ರೆ ಪಡೆಯುವಾಗ ತೂಕದ ಚೀಟಿ ತೋರಿಸಿ, ಡೋಸ್ ಏರಿಸಬೇಕೇ ಎಂದು ಕೇಳಿ. ಮಚ್ಚೆಯ ಚಿಂತೆಯಲ್ಲಿ ಈ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಕೇಳದೇ ಉಳಿಯುತ್ತದೆ.

ಕಫ ನೆಗೆಟಿವ್ ಎನ್ನಲು ಕೊಟ್ಟದ್ದು ಕಫವೇ ಆಗಿರಬೇಕು, ಉಗುಳಲ್ಲ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆದ ಅಂಟಂಟಾದ ಕಫ ಕನಿಷ್ಠ 2 ಮಿ.ಲೀ. ಬೇಕು. ಕೆಮ್ಮು ನಿಂತವರಿಗೆ ಕಫ ಬಾರದಿರಬಹುದು. ಆಗ ಡಬ್ಬಿಗೆ ಜೊಲ್ಲು ತುಂಬಿಸಿ ಕೊಡಬೇಡಿ, 'ಬರುತ್ತಿಲ್ಲ' ಎಂದೇ ಹೇಳಿ. ಈ ಹಂತದಲ್ಲಿ ಕ್ರಿಮಿಯ ಡಿಎನ್‌ಎ ಹುಡುಕುವ ಸಿಬಿ-ನಾಟ್, ಟ್ರೂನಾಟ್ ಪರೀಕ್ಷೆ ಮಾಡಿಸಿ 'ವಾಸಿಯಾಗಿದೆಯೇ' ಎಂದು ನೋಡಲೂ ಹೋಗಬೇಡಿ. ಟ್ರೂನಾಟ್ ನಮ್ಮ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲೇ ರೂಪುಗೊಂಡದ್ದು, ರೋಗ ಹಿಡಿಯಲು ಬಲು ಚುರುಕು. ಆದರೆ ಸತ್ತ ಕ್ರಿಮಿಯ ಡಿಎನ್‌ಎ ಸಿಕ್ಕರೂ ಅದು ಪಾಸಿಟಿವ್ ಎಂದೇ ಹೇಳುತ್ತದೆ.

ಎಕ್ಸ್‌ರೇಗಿಂತ ಕಫ ಮುಖ್ಯ ಎನ್ನುವುದಕ್ಕೆ ಒಂದು ಅಪವಾದ ಇದೆ. ಕಫದಲ್ಲಿ ಕ್ರಿಮಿ ಸಿಗದೆ, ಬರೀ ಎಕ್ಸ್‌ರೇ ನೋಡಿ ಚಿಕಿತ್ಸೆ ಶುರು ಮಾಡಿದವರಿಗೆ ಎರಡನೇ ತಿಂಗಳ ಎಕ್ಸ್‌ರೇ ಬಹಳ ಮುಖ್ಯ. ಅವರ ಕಫ ಮೊದಲಿಂದಲೂ ನೆಗೆಟಿವ್, ಹಾಗಾಗಿ ಈಗ ನೆಗೆಟಿವ್ ಬಂದರೂ ಹೊಸದೇನೂ ತಿಳಿಯುವುದಿಲ್ಲ. ಜ್ವರ, ಕೆಮ್ಮು ತಗ್ಗದೆ ಮಚ್ಚೆಯೂ ಕಿರಿದಾಗದಿದ್ದರೆ 'ಇದು ಟಿಬಿಯೇ ಹೌದೇ' ಎಂದು ಮತ್ತೆ ಕೇಳಿಕೊಳ್ಳಬೇಕು. ಐವತ್ತು ದಾಟಿದ, ಬೀಡಿ ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರನ್ನು ಟಿಬಿಯೆಂದು ತಿಳಿದು ಆರು ತಿಂಗಳು ಕಳೆದುಬಿಟ್ಟರೆ ಆ ಸಮಯ ಮತ್ತೆ ಸಿಗುವುದಿಲ್ಲ.

ತಂದೆಯವರ ಮೊದಲ ಎಕ್ಸ್‌ರೇ ಸರ್ಕಾರಿ ಆಸ್ಪತ್ರೆಯದು, ಎರಡನೆಯದು ಮನೆ ಹತ್ತಿರದ ಲ್ಯಾಬಿನದು. ಎರಡನೆಯದರಲ್ಲಿ ಮಚ್ಚೆ ದೊಡ್ಡದಾಗಿದೆ ಎಂದು ಬರೆದಿದ್ದಾರೆ. ಆದರೆ ಅಪ್ಪ ಚೆನ್ನಾಗಿದ್ದಾರೆ.
ಕೆ.ಆರ್. ಪುರದಿಂದ ಮಗಳು

ಅಪ್ಪ ಚೆನ್ನಾಗಿದ್ದರೆ ಮೊದಲು ಫಿಲ್ಮನ್ನೇ ಅನುಮಾನಿಸಿ. ನಿಂತು, ಎದೆಯನ್ನು ಪ್ಲೇಟಿಗೆ ಒತ್ತಿ, ಸುಮಾರು ಆರಡಿ ದೂರದ ಟ್ಯೂಬಿನಿಂದ ಬೆನ್ನ ಕಡೆಯಿಂದ ತೆಗೆದದ್ದು ಪಿಎ ಫಿಲ್ಮ್. ಮಲಗಿಸಿ ಅಥವಾ ಕೂರಿಸಿ ಎದುರಿನಿಂದ ತೆಗೆದದ್ದು ಎಪಿ. ಎಪಿಯಲ್ಲಿ ಹೃದಯವೂ ನಡು ಎದೆಯೂ ಅಗಲವಾಗಿ ಕಾಣುತ್ತವೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು 'ದೊಡ್ಡದಾಗಿದೆ' ಎನ್ನಲು ಬರುವುದಿಲ್ಲ.

ಇನ್ನು ಉಸಿರು. ಪೂರ್ತಿ ಉಸಿರೆಳೆದು ಹಿಡಿದಿದ್ದರೆ ವಪೆಯ (ಎದೆ, ಹೊಟ್ಟೆಗಳ ನಡುವಿನ ಪರದೆ) ಮೇಲೆ ಹಿಂಬದಿಯ ಒಂಬತ್ತು ಹತ್ತು ಪಕ್ಕೆಲುಬು ಎಣಿಸಬಹುದು. ಏಳೋ ಎಂಟೋ ಸಿಕ್ಕರೆ ಅರೆ ಉಸಿರಿನ ಫಿಲ್ಮ್. ಶ್ವಾಸಕೋಶ ಮುದುರಿ ಕೆಳಭಾಗವೆಲ್ಲ ಬಿಳಿಚಿಕೊಳ್ಳುತ್ತದೆ. ಕುತ್ತಿಗೆಯ ಬುಡದಲ್ಲಿ ಎರಡು ಕಾಲರ್ ಎಲುಬಿನ ತುದಿಗಳು ಬೆನ್ನುಮೂಳೆಯ ನಡುಗೆರೆಯಿಂದ ಸಮದೂರದಲ್ಲಿವೆಯೇ ನೋಡಿ. ಇಲ್ಲದಿದ್ದರೆ ಮೈ ತಿರುಗಿದೆ, ಒಂದು ಪಕ್ಕ ಸುಮ್ಮನೆ ಕಪ್ಪು, ಇನ್ನೊಂದು ಬಿಳಿ. ಭುಜ ಮುಂದಕ್ಕೆ ತಳ್ಳದಿದ್ದರೆ ಹೆಗಲ ಹಲಗೆ ಶ್ವಾಸಕೋಶದ ಮೇಲೇ ಕೂರುತ್ತದೆ.

ಹೆಂಗಸರಿಗೆ ಇನ್ನೊಂದು ಮಾತು: ಜಡೆ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ ಹೆಗಲ ಮೇಲೆ ಬಿದ್ದಿದ್ದರೆ ಶ್ವಾಸಕೋಶದ ತುದಿಯಲ್ಲೇ, ಅಂದರೆ ಟಿಬಿ ಹೆಚ್ಚಾಗಿ ಕೂರುವ ಜಾಗದಲ್ಲೇ, ಬಿಳಿ ಪಟ್ಟೆಯಾಗಿ ಮೂಡುತ್ತದೆ. ಜಡೆಯನ್ನು ಮೇಲಕ್ಕೆ ಕಟ್ಟಿ. ತಾಳಿ, ತಾಯಿತ, ರವಿಕೆಯ ಹುಕ್ಕು ಎಲ್ಲ ತೆಗೆದಿಡಿ.

ಸಾಧ್ಯವಾದರೆ ಎಲ್ಲ ಎಕ್ಸ್‌ರೇಯನ್ನೂ ಒಂದೇ ಕಡೆ ತೆಗೆಸಿ. ಫಿಲ್ಮ್ ಅಥವಾ ಸಿಡಿ ಕೇಳಿ ಪಡೆಯಿರಿ. ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಲ್ಲಿ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ ಚಿತ್ರದಲ್ಲಿ ಸಣ್ಣ ಗುಳಿಯೂ ನವಿರಾದ ಗೆರೆಯೂ ಅಳಿಸಿಹೋಗಿರುತ್ತವೆ. ಹಳೆಯದು, ಹೊಸದು ಎರಡನ್ನೂ ಒಬ್ಬರೇ ವೈದ್ಯರ ಮುಂದಿಡಿ. ಒಂದೇ ಫಿಲ್ಮನ್ನು ಇಬ್ಬರು ತಜ್ಞರು ಬೇರೆ ಬೇರೆಯಾಗಿ ಓದುವುದು ಈ ವಿದ್ಯೆಯಲ್ಲಿ ಮಾಮೂಲು.

ಮಾತ್ರೆ ಶುರುವಾಗಿ ಐದನೇ ವಾರ. ಕಡಿಮೆಯಾಗಿದ್ದ ಜ್ವರ ಮತ್ತೆ ಬಂತು, ಎಕ್ಸ್‌ರೇಯಲ್ಲಿ ಹೊಸದಾಗಿ ನೀರು ತುಂಬಿದೆ. ಔಷಧಿ ನಿಲ್ಲಿಸಲೇ?
ವಿದ್ಯಾರ್ಥಿ, ಯಲಹಂಕ

ನಿಲ್ಲಿಸಬೇಡಿ. ಚಿಕಿತ್ಸೆ ಸರಿಯಾಗಿ ನಡೆಯುತ್ತಿರುವಾಗಲೇ ಕೆಲವರಿಗೆ ಗ್ರಂಥಿ ಊದುವುದು, ಶ್ವಾಸಕೋಶದ ಸುತ್ತಲಿನ ಪೊರೆಯಲ್ಲಿ ನೀರು ಸೇರುವುದು ಉಂಟು. ಸತ್ತ ಕ್ರಿಮಿಗಳ ಚೂರುಗಳ ಮೇಲೆ ದೇಹ ತಿರುಗಿ ಬೀಳುವ ಪರಿ ಇದು. ಎಚ್‌ಐವಿ ಇದ್ದು ಅದರ ಔಷಧಿ ಹೊಸದಾಗಿ ಶುರು ಮಾಡಿದವರಲ್ಲಿ ಇನ್ನೂ ಹೆಚ್ಚು.

ಆದರೆ ಇದೇ ಇರಬಹುದು ಎಂದು ನೀವೇ ತೀರ್ಮಾನಿಸಿ ಮನೆಯಲ್ಲಿ ಕೂರಬೇಡಿ. ಡೋಸ್ ಎಷ್ಟು ತಪ್ಪಿದೆ ಎಂದು ವೈದ್ಯರಿಗೆ ನಿಜ ಹೇಳಿ. ಮೊದಲು ಮಾಡಿದ ಸಿಬಿ-ನಾಟ್ ಅಥವಾ ಟ್ರೂನಾಟ್ ಪರೀಕ್ಷೆ ರಿಫಾಂಪಿಸಿನ್ ಎಂಬ ಟಿಬಿ ಔಷಧಿಗೆ ಕ್ರಿಮಿ ಬಗ್ಗದಿರುವುದನ್ನು, ಅಂದರೆ ಪ್ರತಿರೋಧವನ್ನಷ್ಟೇ ಹೇಳಿರಬಹುದು. ಇನ್ನೊಂದು ಔಷಧಿ ಐಸೋನಯಜಿಡ್‌ಗೆ ಪ್ರತಿರೋಧ ಇದೆಯೇ ಎಂದು ನೋಡುವ ಎಲ್‌ಪಿಎ ಪರೀಕ್ಷೆಗೆ ಮಾದರಿ ಹೋಗಿತ್ತೇ, ರಿಪೋರ್ಟ್ ಬಂತೇ ಎಂದು ಕೇಳಿ. ಸಕ್ಕರೆ, ಎಚ್‌ಐವಿ ನೋಡಬೇಕು; ಅಲ್ಟ್ರಾಸೌಂಡ್ ಇಟ್ಟು ನೀರು ತೆಗೆದು ಪರೀಕ್ಷಿಸಬೇಕು. ಉಸಿರು ಕಟ್ಟಿದರೆ, ಬೆರಳಿನ ಯಂತ್ರದಲ್ಲಿ ಆಮ್ಲಜನಕ 94ಕ್ಕಿಂತ ಕೆಳಗಿಳಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಎಕ್ಸ್‌ರೇ ಬದಲು ಎರಡು ತಿಂಗಳಿಗೊಮ್ಮೆ ಸಿಟಿ ಸ್ಕ್ಯಾನ್ ಮಾಡಿಸಿದರೆ ಸ್ಪಷ್ಟವಲ್ಲವೇ?
ಜಯನಗರ

ಸ್ಪಷ್ಟ ಹೌದು, ಬೇಕಾಗಿಲ್ಲ. ಒಂದು ಎದೆ ಎಕ್ಸ್‌ರೇಯ ವಿಕಿರಣ 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ. ಸಾಮಾನ್ಯ ಸಿಟಿಯದು 5ರಿಂದ 7. ಕೆಮ್ಮಿದಾಗ ರಕ್ತ ಬರುವುದು, ಕ್ಯಾನ್ಸರ್ ಶಂಕೆ, ಶಸ್ತ್ರಚಿಕಿತ್ಸೆಯ ಆಲೋಚನೆ, ಕಫ ಸಿಗದೆ ರೋಗ ಇನ್ನೂ ಜೀವಂತವೇ ಎಂದು ತಿಳಿಯಲೇಬೇಕಾದ ಸಂದರ್ಭ: ಇವಕ್ಕೆ ಸಿಟಿ ಸರಿ.

ಆರು ವರ್ಷದ ಮಗಳಿಗೆ ಎದೆಯ ಗ್ರಂಥಿ ಟಿಬಿ. ಮಾತ್ರೆ ಮುಗಿಯುತ್ತಾ ಬಂತು, ಎಕ್ಸ್‌ರೇಯಲ್ಲಿ ಗ್ರಂಥಿ ಇನ್ನೂ ಕಾಣುತ್ತದೆ.
ತಾಯಿ, ಕೆಂಗೇರಿ

ಮಕ್ಕಳಲ್ಲಿ ಗ್ರಂಥಿ ಕರಗುವುದು ಬಲು ನಿಧಾನ, ಚಿಕಿತ್ಸೆ ಮುಗಿದ ಮೇಲೂ ಕೆಲವು ತಿಂಗಳು ಕಾಣುತ್ತದೆ. ಊಟ ಸೇರುತ್ತಿದೆಯೇ, ತೂಕ ಏರುತ್ತಿದೆಯೇ, ಆಡುತ್ತಿದ್ದಾಳೆಯೇ? ಹಾಗಿದ್ದರೆ ಗ್ರಂಥಿಗೋಸ್ಕರ ಮಾತ್ರೆ ಮುಂದುವರಿಸುವ ಅಗತ್ಯ ಸಾಮಾನ್ಯವಾಗಿ ಇರದು. ಮಗುವಿನ ತೂಕ ಏರಿದಂತೆ ಡೋಸ್ ಏರಿತೇ ಎಂದು ಮಾತ್ರ ವಿಚಾರಿಸಿ.

ಚಿಕಿತ್ಸೆ ಮುಗಿದು ಎರಡು ವರ್ಷ. ಹೊಸ ಕೆಲಸದ ವೈದ್ಯಕೀಯ ತಪಾಸಣೆಯಲ್ಲಿ 'ಫೈಬ್ರೋಸಿಸ್, ಓಲ್ಡ್ ಕಾಕ್ಸ್' ಎಂದು ಬರೆದು ತಡೆದಿದ್ದಾರೆ. ಎಡಗಡೆ ಒಂದು ಗುಳಿಯೂ ಉಳಿದಿದೆ. ನನಗಿನ್ನೂ ಟಿಬಿ ಇದೆಯೇ?
ವಿಜಯನಗರ

'ಕಾಕ್ಸ್' ಎಂದರೆ ಟಿಬಿ. 1882ರಲ್ಲಿ ಕ್ರಿಮಿಯನ್ನು ಕಂಡುಹಿಡಿದ ರಾಬರ್ಟ್ ಕಾಕ್ ಹೆಸರಿಂದ ಬಂದ ಆಸ್ಪತ್ರೆ ಮಾತು. 'ಓಲ್ಡ್' ಎಂದರೆ ಹಳೆಯದು, 'ಫೈಬ್ರೋಸಿಸ್' ಎಂದರೆ ಕಲೆ. ಕಲೆಯನ್ನು ಯಾವ ಮಾತ್ರೆಯೂ ಅಳಿಸದು. ರಿಪೋರ್ಟಿನಲ್ಲಿ 'ಸಕ್ರಿಯ ರೋಗ ಅಲ್ಲಗಳೆಯಲಾಗದು' ಎಂಬ ಸಾಲಿದ್ದರೂ ಗಾಬರಿ ಬೇಡ, ಒಂದೇ ಫಿಲ್ಮ್ ನೋಡಿದವರು ಅಷ್ಟೇ ಹೇಳಬಲ್ಲರು. ಅದಕ್ಕೇ ಚಿಕಿತ್ಸೆಯ ಕೊನೆಯ ಎಕ್ಸ್‌ರೇ ಜೋಪಾನ ಮಾಡಬೇಕು ಎನ್ನುವುದು. ಅದೂ ಇಂದಿನದೂ ಒಂದೇ ರೀತಿ ಇದ್ದು, ಕಫ ಮತ್ತು ಕಲ್ಚರ್ (ಕ್ರಿಮಿ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ನೆಗೆಟಿವ್ ಆದರೆ ರೋಗ ಇಲ್ಲವೆಂದು ಎದೆರೋಗ ತಜ್ಞರು ಬರೆದುಕೊಡಬಹುದು. ಕಲ್ಚರ್ ಫಲಿತಾಂಶಕ್ಕೆ ಆರರಿಂದ ಎಂಟು ವಾರ ಹಿಡಿಯುತ್ತದೆ. ಕೆಲಸ ಕೊಡುವವರಿಗೆ ಈಗಲೇ ತಿಳಿಸಿ. ನಿಮ್ಹಾನ್ಸ್ ಪಕ್ಕದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಲ್ಲಿ ತೋರಿಸಬಹುದು.

ಚಿಕಿತ್ಸೆ ಮುಗಿದ ಮೇಲೆ 6, 12, 18, 24ನೇ ತಿಂಗಳ ತಪಾಸಣೆ ಇರುತ್ತದೆ. ನಿಮ್ಮದು ಕೊನೆಯದು ಬಾಕಿ ಇದ್ದರೆ ಇದೇ ನೆಪದಲ್ಲಿ ಮುಗಿಸಿ. ಗುಳಿ ಉಳಿದವರು ಇನ್ನೊಂದು ವಿಷಯ ತಿಳಿದಿರಬೇಕು. ಖಾಲಿ ಗುಳಿಯಲ್ಲಿ ಮುಂದೆಂದಾದರೂ ಬೂಷ್ಟು ಬೆಳೆದು ಉಂಡೆ ಕಟ್ಟಬಹುದು. ಎಕ್ಸ್‌ರೇಯಲ್ಲಿ ಉಂಡೆಯ ಮೇಲೆ ಗಾಳಿಯ ಚಂದ್ರಾಕಾರ ಕಾಣುತ್ತದೆ, ಕೆಮ್ಮಿದಾಗ ರಕ್ತ ಬರುತ್ತದೆ. ಅದು ಟಿಬಿ ಮರಳಿದ್ದೇ ಎಂದು ತಿಳಿದು ಹಳೆಯ ಮಾತ್ರೆ ನುಂಗಬೇಡಿ. ರಕ್ತ ಹೆಚ್ಚು ಬಿದ್ದರೆ 108ಕ್ಕೆ ಕರೆ ಮಾಡಿ, ಗಾಡಿ ಬರುವವರೆಗೆ ಗುಳಿಯಿರುವ ಮಗ್ಗುಲಿಗೇ, ಅಂದರೆ ನೀವು ಎಡಕ್ಕೆ, ಮಲಗಿ. ಹಾಗೆ ಮಲಗಿದರೆ ರಕ್ತ ಒಳ್ಳೆಯ ಶ್ವಾಸಕೋಶಕ್ಕೆ ಹರಿಯುವುದಿಲ್ಲ. ಗುಳಿ ಯಾವ ಕಡೆ ಎಂಬುದನ್ನು ಮನೆಯವರಿಗೂ ಹೇಳಿಟ್ಟಿರಿ.