ಟ್ರಿನಿಡಾಡಿಗೆ ಬರುವಾಗ ಬೇಳೆ ಹೊತ್ತು ತರಬೇಡಿ

ಮುಂದಿನ ತಿಂಗಳು ಮಕ್ಕಳ ಸಮೇತ ಟ್ರಿನಿಡಾಡಿಗೆ ಬರುತ್ತಿದ್ದೇವೆ, ಊಟದ್ದೇ ಚಿಂತೆ, ಬೇಳೆ ಮಸಾಲೆ ಎಷ್ಟು ಕಿಲೋ ತರಬೇಕು ಎಂದು ಕೇಳಿದ್ದೀರಿ. ನಾನು ಈ ಕೆರಿಬಿಯನ್ ದ್ವೀಪದ ಶಗ್ವಾನಸ್ ಊರಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಸಾರಿನ ಪುಡಿ, ಬ್ಯಾಡಗಿ ಮೆಣಸಿನಕಾಯಿ ತನ್ನಿ, ಸಾಕು. ಅಕ್ಕಿ, ಬೇಳೆ, ಅರಿಶಿನ, ಹುಣಸೆ, ತೆಂಗಿನಕಾಯಿ ಎಲ್ಲಾ ಇಲ್ಲೇ ಸಿಗುತ್ತೆ.

ಸಿಗದೆ ಏನು? 1845ರ ಮೇ 30ರಂದು ಭಾರತದ ಕೂಲಿಗಳನ್ನು ಹೊತ್ತ ಫಟೆಲ್ ರಜಾಕ್ ಎಂಬ ಹಡಗು ಇಲ್ಲಿಗೆ ಬಂತು. ಆಗಿನಿಂದ 1917ರ ತನಕ ಭಾರತದಿಂದ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ 1,40,000ಕ್ಕೂ ಹೆಚ್ಚು ಜನ ಬಂದರು. ಜಾಸ್ತಿ ಜನ ಬಿಹಾರ, ಉತ್ತರ ಪ್ರದೇಶದ ಕಡೆಯವರು. ಮದ್ರಾಸಿನಲ್ಲಿ ಹಡಗು ಹತ್ತಿದವರೂ ಇದ್ದರು. ಈಗಿನವರ ಮನೆಮಾತು ಇಂಗ್ಲಿಷೇ. ಆದರೆ ಅಡುಗೆಮನೆಗೆ ಹೋಗಿ ನಿಲ್ಲಿ.

ನಮ್ಮ ಪಕ್ಕದ ಮನೆ ಆಂಟಿಗೆ ಎಪ್ಪತ್ತು ದಾಟಿದೆ, ಹಿಂದಿಯ ಒಂದು ವಾಕ್ಯವೂ ಬರೋದಿಲ್ಲ. ಬೇಳೆ ಬೆಂದ ಮೇಲೆ 'ದಾಲ್ ಘುಟ್ನಿ' ತಗೊಂಡು ಎರಡು ಅಂಗೈ ನಡುವೆ ಗರಗರ ತಿರುಗಿಸುತ್ತಾರೆ. ನಮ್ಮ ಕಡಗೋಲೇ ಅದು! ಆಮೇಲೆ ಉದ್ದ ಹಿಡಿಯ ಸೌಟಿನಲ್ಲಿ ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ಹೆಚ್ಚುಕಡಿಮೆ ಕಪ್ಪಾಗುವ ತನಕ ಬಿಟ್ಟು, ಜೀರಿಗೆ ಹಾಕಿ, ಸೌಟನ್ನೇ ಬೇಳೆಯೊಳಗೆ ಮುಳುಗಿಸುತ್ತಾರೆ. ಚೊಂಯ್ ಅಂತ ಸದ್ದು, ಮನೆ ತುಂಬ ಘಮ. ಈ ಒಗ್ಗರಣೆಗೆ 'ಚುಂಕೆ' ಅಂತಾರೆ. ಜೀರಿಗೆ ಇಲ್ಲಿ 'ಗೀರಾ'. ಕರಿಬೇವಿಗೆ 'ಕರಪುಲೆ', ತಮಿಳಿನ ಕರುವೇಪ್ಪಿಲೈ. ಆ ಮಾತನ್ನು ಆಂಟಿ ಬಾಯಲ್ಲಿ ಮೊದಲ ಸಲ ಕೇಳಿದ ದಿನ ನನಗೆ ಕಣ್ಣು ತುಂಬಿ ಬಂದಿತ್ತು.

ಕೆಸುವಿನ ಎಲೆಗೆ ಬೇಳೆ ಹಿಟ್ಟು ಸವರಿ ಸುತ್ತಿ ಕರಿದ 'ಸಹೀನಾ' ತಿಂದರೆ ಪತ್ರೊಡೆ ನೆನಪಾಗುತ್ತೆ.

ಹಾಗಂತ ಇಲ್ಲಿನ ಊಟವೆಲ್ಲ ಭಾರತದ್ದೇ ಅಂದ್ಕೋಬೇಡಿ. ಭಾನುವಾರದ ಪೆಲಾವ್ ನೋಡಿ. ಎಣ್ಣೆಯಲ್ಲಿ ಸಕ್ಕರೆ ಸುಟ್ಟು ಕಪ್ಪು ಮಾಡಿ, ಅದರಲ್ಲಿ ಕೋಳಿ ಹೊರಳಿಸೋದು ಆಫ್ರಿಕಾ ಮೂಲದವರ ಕೈಗುಣ. ಗುಲಾಮರಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು ಉಳಿಸಿಕೊಂಡದ್ದು. ಅದೇ ಪಾತ್ರೆಗೆ ಅಕ್ಕಿ, ತೆಂಗಿನ ಹಾಲು, ತೊಗರಿಕಾಳು ಬೀಳುತ್ತೆ. ಕೆಸುವಿನ ಸೊಪ್ಪು, ಬೆಂಡೆಕಾಯಿ, ತೆಂಗಿನ ಹಾಲಿನ 'ಕಲಲೂ' ಕೂಡ ಹಾಗೇ. ಮೇಲೆ ಒಂದು ಇಡೀ ಮೆಣಸಿನಕಾಯಿ ತೇಲುತ್ತಿರುತ್ತೆ. ಅದು ಒಡೆಯದ ಹಾಗೆ ನೋಡ್ಕೋಬೇಕು, ಖಾರ ವಿಪರೀತ. ನೀವು ಸಸ್ಯಾಹಾರಿಗಳಾದರೆ ಕೇಳಿಯೇ ತಿನ್ನಿ, ಅದಕ್ಕೆ ಏಡಿ ಹಾಕುವುದುಂಟು. ಡಬಲ್ಸ್ ಮಾತ್ರ ಧೈರ್ಯವಾಗಿ ತಿನ್ನಬಹುದು: ಎರಡು ಮೆತ್ತನೆ 'ಬಾರಾ' (ಎಣ್ಣೆಯಲ್ಲಿ ಕರಿದ ರೊಟ್ಟಿ), ನಡುವೆ ಕಡಲೆಕಾಳಿನ ಪಲ್ಯ. ಮಕ್ಕಳಿಗೆ ಒಂದೇ ವಾರದಲ್ಲಿ ಹಿಡಿಸಿಬಿಡುತ್ತೆ.

ಒಂದು ವಿಷಯ ಬೇಡಿಕೊಳ್ತೀನಿ. ಯಾರ ಮನೆಯಲ್ಲೂ 'ನಮ್ಮಲ್ಲಿ ಇದನ್ನ ಹೀಗೆ ಮಾಡಲ್ಲ' ಅನ್ನಬೇಡಿ. ಹೊಸದಾಗಿ ಬಂದ ನಮ್ಮವರು ತುಂಬ ಜನ ಅಂತಾರೆ, ಕೇಳಿ ನನಗೆ ಸಂಕಟವಾಗುತ್ತೆ. ಐದಾರು ತಲೆಮಾರಿನ ಅಜ್ಜಿಯರು ಬರೆದಿಡದೆ, ಬರೀ ಕೈಯಿಂದ ಕೈಗೆ ದಾಟಿಸಿದ್ದು ಅದು.

ಬಂದ ಮೊದಲ ಶನಿವಾರ ನಮ್ಮ ಮನೆಗೆ ಬನ್ನಿ. ಆಂಟಿಗೆ ಹೇಳಿದ್ದೇನೆ, ಬೇಳೆ ತುಂಬಿದ ರೊಟ್ಟಿ, ದಾಲ್‌ಪೂರಿ, ಮಾಡ್ತಾರಂತೆ. ಸಾರು ನಂದು.