ಡ್ರಮ್ ಎಲ್ಲಿಡೋಣ, ಕೌದಿ ಎಲ್ಲಿಡೋಣ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪತ್ರಗಳೇ ಹೆಚ್ಚು. ಎಲ್ಲರ ಅಳಲೂ ಒಂದೇ: ಮನೆ ಸಣ್ಣದು, ಸಾಮಾನು ಬಹಳ. ಪೇಟೆಗೆ ಹೋಗಿ ಹೊಸ ಡಬ್ಬಿ, ಹೊಸ ರ‍್ಯಾಕ್ ತರುವ ಮುನ್ನ ಒಂದು ಅಳತೆ ಟೇಪು ಕೈಗೆತ್ತಿಕೊಳ್ಳಿ. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಅಲ್ಲಿಂದಲೇ ಶುರುವಾಗುತ್ತವೆ.

ಪ್ರಶ್ನೆ: ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅಡುಗೆಮನೆ ಎಂಟಡಿ ಅಗಲ, ಹತ್ತಡಿ ಉದ್ದ. ಊರಿಂದ ವರ್ಷಕ್ಕಾಗುವಷ್ಟು ಜೋಳ, ತೊಗರಿಬ್ಯಾಳಿ ಒಮ್ಮೆಲೇ ಬರ್ತದ. ಚೀಲಗಳ ನಡುವೆ ಓಡಾಡೋದೇ ಕಷ್ಟ, ಮಳಿಗಾಲದಾಗ ಹುಳ ಬೇರೆ. ಏನು ಮಾಡಬೇಕ್ರಿ?
– ಗೃಹಿಣಿ, ಕಲಬುರಗಿ

ಉತ್ತರ: ಮೊದಲು ಲೆಕ್ಕ ಹಾಕೋಣ. ನಾಲ್ಕು ಜನರ ಮನೆಯಲ್ಲಿ ಎರಡೂ ಹೊತ್ತು ರೊಟ್ಟಿಯಾದರೆ ದಿನಕ್ಕೆ 1 ಕೆಜಿ ಹಿಟ್ಟು ಹಿಡಿಯಿರಿ. ತಿಂಗಳಿಗೆ 30 ಕೆಜಿ, ವರ್ಷಕ್ಕೆ ಮೂರೂವರೆ ಕ್ವಿಂಟಾಲಿಗೂ ಮೇಲೆ. ಒಂದು ಲೀಟರ್ ಹಿಡಿಯುವ ಡಬ್ಬಿಗೆ ಜೋಳ ತುಂಬಿ ತೂಗಿ ನೋಡಿ, 750 ಗ್ರಾಂ ಆಸುಪಾಸು ಬರುತ್ತದೆ. ಅಂದರೆ 200 ಲೀಟರಿನ ಡ್ರಮ್ಮಿಗೆ 150 ಕೆಜಿ. ವರ್ಷದ ಜೋಳಕ್ಕೆ ಎರಡೂವರೆ ಡ್ರಮ್ ಬೇಕು. ಒಂದೊಂದು ಡ್ರಮ್ಮೂ ಎರಡಡಿಗೆ ಎರಡಡಿ ನೆಲ ತಿನ್ನುತ್ತದೆ. ನಿಮ್ಮ ಅಡುಗೆಮನೆಯ 80 ಚದರಡಿಯಲ್ಲಿ ಕಟ್ಟೆಗೇ 16 ಹೋದರೆ, ಡ್ರಮ್ಮುಗಳಿಗೆ ಇನ್ನೂ 12. ಉಳಿದ ಜಾಗದಲ್ಲಿ ರೊಟ್ಟಿ ಬಡಿಯಲು ಕೂತರೆ ಇನ್ನೊಬ್ಬರು ದಾಟುವ ಹಾಗಿರುವುದಿಲ್ಲ.

ಆದ್ದರಿಂದ ನಮ್ಮ ಸಲಹೆ ಖಚಿತ: ವರ್ಷದ ಕಾಳು ಊರಿನ ಮನೆಯಲ್ಲೇ ಇರಲಿ, ನಿಮ್ಮ ಮನೆಗೆ ನಾಲ್ಕು ತಿಂಗಳದ್ದು ಬರಲಿ. 120 ಕೆಜಿ ಜೋಳ ಒಂದೇ ಡ್ರಮ್ಮಿನಲ್ಲಿ ಕೂರುತ್ತದೆ. ಸುಗ್ಗಿಯಲ್ಲಿ ಒಂದು ಕಂತು, ಶ್ರಾವಣದ ಹೊತ್ತಿಗೆ ಒಂದು, ದೀಪಾವಳಿ ದಾಟಿದ ಮೇಲೆ ಒಂದು. ಊರಿಗೆ ಹೇಗೂ ಹೋಗಿ ಬರುವುದಿರುತ್ತದೆ.

ಹುಳದ ಮೂಲ ತೇವ. ಜೋಳವನ್ನು ಎರಡು ಬೆರಳಿನಷ್ಟು ತೆಳ್ಳಗೆ ಹರವಿ ಎರಡು ದಿನ ಬಿಸಿಲು ಕೊಡಿ. ಕಾಳನ್ನು ಹಲ್ಲಲ್ಲಿ ಕಡಿದರೆ ‘ಕಟ್’ ಎಂದು ಮುರಿಯಬೇಕು. ಮೆತ್ತಗೆ ಒತ್ತಿಕೊಂಡರೆ ಇನ್ನೊಂದು ದಿನ ಬೇಕು. ಬಹಳ ಜನ ತಪ್ಪುವುದು ಇಲ್ಲಿಂದ ಮುಂದೆ. ಬಿಸಿಲಿಂದ ತಂದ ಕಾಳನ್ನು ಬಿಸಿಬಿಸಿಯಾಗಿಯೇ ಡ್ರಮ್ಮಿಗೆ ಸುರಿದು ಮುಚ್ಚಿಬಿಡುತ್ತಾರೆ. ರಾತ್ರಿ ತಂಪಾದಾಗ ಒಳಗಿನ ಆವಿ ಮುಚ್ಚಳಕ್ಕೆ ಹತ್ತಿ, ಹನಿಯಾಗಿ ಮೇಲಿನ ಕಾಳಿನ ಮೇಲೆ ಬೀಳುತ್ತದೆ. ಬೂಸು ಹಿಡಿಯುವುದು ಅಲ್ಲಿಂದಲೇ. ಸಂಜೆ ರಾಶಿ ಮಾಡಿ, ಬಟ್ಟೆ ಹೊದಿಸಿ, ರಾತ್ರಿಯೆಲ್ಲ ಆರಲು ಬಿಟ್ಟು, ಮರುದಿನ ಬೆಳಿಗ್ಗೆ ತುಂಬಿ. ಬೇವಿನ ಎಲೆ ಹಾಕುವುದಾದರೆ ನೆರಳಲ್ಲಿ ಗರಿಗರಿಯಾಗಿ ಒಣಗಿಸಿದ್ದೇ ಹಾಕಿ; ಹಸಿ ಎಲೆ ತನ್ನ ನೀರನ್ನು ಕಾಳಿಗೆ ಕೊಡುತ್ತದೆ.

ತೊಗರಿಯನ್ನು ಇಡೀ ಕಾಳಾಗಿ ಇಡುವುದಕ್ಕಿಂತ ಬೇಳೆಯಾಗಿ ಇಡುವುದು ಮೇಲು. ಇಡೀ ಕಾಳಿನ ಮೇಲೆ ಮೊಟ್ಟೆಯಿಟ್ಟು ಕೊರೆಯುವ ಹುಳಕ್ಕೆ ಒಡೆದ ಬೇಳೆ ಅಷ್ಟು ಒಗ್ಗುವುದಿಲ್ಲ. ಇಡೀ ಕಾಳು ಇಡಲೇಬೇಕಿದ್ದರೆ ಕೆಜಿಗೆ ಒಂದು ಚಮಚ, ಅಂದರೆ 5 ಮಿಲಿ ಹರಳೆಣ್ಣೆ ಕೈಯಲ್ಲಿ ತಿಕ್ಕಿಡಿ.

ಅಂಗಡಿಯಲ್ಲಿ ‘ಕಾಳಿನ ಗುಳಿಗೆ’ ಎಂದು ಅಲ್ಯೂಮಿನಿಯಂ ಫಾಸ್ಫೈಡ್ ಯಾರಾದರೂ ಕೊಟ್ಟರೆ ಮನೆಗೆ ತರಬೇಡಿ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಎರಡು ಕೋಣೆಯ ಮನೆಯಲ್ಲಿ ರಾತ್ರಿ ಬಾಗಿಲು ಹಾಕಿ ಮಲಗಿದವರ ಜೀವಕ್ಕೇ ಅಪಾಯ. ಅದು ಗೋದಾಮಿನಲ್ಲಿ, ತರಬೇತಿ ಪಡೆದವರು ಮಾತ್ರ ಬಳಸುವಂಥದ್ದು.

ಇನ್ನು ಡ್ರಮ್ ಇಡುವ ಬಗೆ. ಫರ್ಸಿ (ಹಾಸುಗಲ್ಲು) ನೆಲ ಮಳೆಗಾಲದಲ್ಲಿ ತಂಪೇರುತ್ತದೆ, ಅದಕ್ಕೆ ನಾಲ್ಕು ಇಟ್ಟಿಗೆ ಹಾಸಿ ಮೇಲೆ ಹಲಗೆ ಇಟ್ಟು ಡ್ರಮ್ ನಿಲ್ಲಿಸಿ. ಗೋಡೆಗೂ ಡ್ರಮ್ಮಿಗೂ ನಡುವೆ ಕೈ ತೂರುವಷ್ಟು ಸಂದು ಬಿಡಿ. ಬಣ್ಣ, ಔಷಧ, ರಾಸಾಯನಿಕ ತುಂಬಿದ್ದ ಹಳೆ ಡ್ರಮ್ ಎಷ್ಟೇ ತೊಳೆದರೂ ಕಾಳಿಗೆ ಬೇಡ. ಜೋಳದ ಡ್ರಮ್ಮಿನ ಪಕ್ಕ ಅದೇ ಎತ್ತರದ ಬೇಳೆಯ ಡಬ್ಬಿ ನಿಲ್ಲಿಸಿ, ಎರಡರ ಮೇಲೂ ಒಂದು ಹಲಗೆ ಹಾಕಿದರೆ ಮಿಕ್ಸರ್, ನೀರಿನ ಫಿಲ್ಟರಿಗೆ ಜಾಗವಾಯಿತು. ತಿಂಗಳಿಗೊಮ್ಮೆ ಹಲಗೆ ಎತ್ತಿ 30 ಕೆಜಿ ಹೊರಗೆ ತೆಗೆದು ಚಿಕ್ಕ ಡಬ್ಬಿಗೆ ಹಾಕಿಕೊಳ್ಳಿ. ದಿನಾ ಮುಚ್ಚಳ ತೆರೆದಷ್ಟೂ ಹುಳಕ್ಕೆ ದಾರಿ, ಹಲಗೆಯ ಭಾರ ಆ ಅಭ್ಯಾಸವನ್ನೂ ತಪ್ಪಿಸುತ್ತದೆ.

ಖಡಕ್ ರೊಟ್ಟಿಗೆ ಸ್ಟೀಲ್ ಡಬ್ಬಿ ಬೇಡ, ಬುಟ್ಟಿಯೇ ಇರಲಿ. ಪೂರ್ತಿ ಆರಿದ ಮೇಲೆ ಬಟ್ಟೆ ಹಾಸಿ ಪೇರಿಸಿ, ಕಟ್ಟೆಯ ಮೇಲಿನ ಗೋಡೆಗೆ ಒಂದು ನೆಲುವು ಕಟ್ಟಿ ತೂಗುಹಾಕಿ. ನೆಲದ ಜಾಗವೂ ಉಳಿಯಿತು, ಇರುವೆಯೂ ದೂರ.

ಪ್ರಶ್ನೆ: ಅತ್ತೆಯವರು ಏನನ್ನೂ ಬಿಸಾಡಲು ಬಿಡುವುದಿಲ್ಲ. ಹನ್ನೆರಡು ಕೌದಿ, ಮೂರು ಟ್ರಂಕು, ಹಳೆ ಸೀರೆಯ ಗಂಟುಗಳು. ಮಲಗುವ ಕೋಣೆಯಲ್ಲಿ ಮಂಚ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಜಗಳವಾಗದೆ ಹೇಗೆ ಸರಿಮಾಡಲಿ?
– ಶಿಕ್ಷಕಿ, ಆಳಂದ

ಉತ್ತರ: ಕೌದಿಯಿಂದ ಶುರು ಮಾಡಬೇಡಿ. ಆ ಕೌದಿಗಳಲ್ಲಿ ಅವರ ತಾಯಿಯ ಸೀರೆ, ಮಕ್ಕಳ ಅಂಗಿ ಹೊಲಿಗೆಯಾಗಿರುತ್ತವೆ. ಅದನ್ನು ಮೊದಲೇ ಮುಟ್ಟಿದರೆ ಉಳಿದ ಕೆಲಸವೂ ಅಲ್ಲಿಗೇ ನಿಲ್ಲುತ್ತದೆ. ಯಾರಿಗೂ ಮಮತೆಯಿಲ್ಲದ ಜಾಗ ಆರಿಸಿಕೊಳ್ಳಿ: ಜೋಡಿ ತಪ್ಪಿದ ಮುಚ್ಚಳಗಳು, ಹಿಡಿ ಮುರಿದ ಕುಕ್ಕರ್, ಖಾಲಿ ಶಾಂಪೂ ಬಾಟಲಿ, ಅವಧಿ ಮುಗಿದ ಗುಳಿಗೆಗಳು. ಒಂದು ಸಲಕ್ಕೆ ಒಂದೇ ಕಪಾಟಿನ ಒಂದೇ ಅರೆ, ಮುಕ್ಕಾಲು ಗಂಟೆ, ಅಷ್ಟೇ. ಇಡೀ ಮನೆಯನ್ನು ಒಂದೇ ಭಾನುವಾರ ಅಂಗಳಕ್ಕೆ ಸುರಿದುಕೊಂಡವರು ಸಂಜೆ ಸುಸ್ತಾಗಿ ಎಲ್ಲವನ್ನೂ ಹಾಗೇ ಒಳಗೆ ತುಂಬುತ್ತಾರೆ.

ಟ್ರಂಕಿನ ವಿಷಯದಲ್ಲಿ ಅತ್ತೆಯವರ ಜೊತೆ ಒಂದೇ ಒಪ್ಪಂದ ಮಾಡಿಕೊಳ್ಳಿ: ಒಂದು ಟ್ರಂಕು ಪೂರ್ತಿ ಅವರದು, ಅದರೊಳಗೆ ಏನಿರಬೇಕೆಂದು ಅವರೇ ಹೇಳಲಿ, ನೀವು ಮಡಚಿ ಕೊಡಿ. ಇದು ಬೇಕೇ ಬೇಡವೇ ಎಂದು ಕೇಳಿದರೆ ‘ಇರಲಿ’ ಎಂಬ ಉತ್ತರವೇ ಬರುತ್ತದೆ. ‘ಇವೆರಡರಲ್ಲಿ ಯಾವುದು ಟ್ರಂಕಿನಲ್ಲಿರಲಿ, ಅವ್ವಾ?’ ಎಂದು ಕೇಳಿ, ಆಯ್ಕೆ ಸಲೀಸಾಗುತ್ತದೆ.

ಕೌದಿಗೆ ಕಪಾಟೇ ಬೇಡ. ಎರಡು ತಾಸು ಬಿಸಿಲಿಗೆ ಹಾಕಿ, ಆರಿಸಿ, ಮಂಚದ ಹಲಗೆಗೂ ಗಾದಿಗೂ ನಡುವೆ ಒಂದರ ಮೇಲೊಂದು ಚಪ್ಪಟೆಯಾಗಿ ಹಾಸಿಬಿಡಿ. ಆರು ಕೌದಿ ಹಾಸಿದರೂ ಮಂಚ ಕೆಲವೇ ಇಂಚು ಏರುತ್ತದೆ, ಗಾದಿಯೂ ಮೆತ್ತಗಾಗುತ್ತದೆ. ನೆಂಟರು ಬಂದಾಗ ಎಳೆದುಕೊಂಡರೆ ಆಯಿತು. ಉಳಿದ ಆರನ್ನು ಹಳೆ ಸೀರೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಹತ್ತಿ ಮುಗ್ಗುಲು ವಾಸನೆ ಹಿಡಿಯುತ್ತದೆ.

ಮಂಚದ ಕೆಳಗೆ ಟ್ರಂಕು ಹೋಗುತ್ತದೆಯೇ ಎಂದು ಅಳೆಯಿರಿ. ಮೂರು ನಾಲ್ಕು ಇಂಚು ಸಾಲದೆ ಬಂದರೆ ನಾಲ್ಕೂ ಕಾಲಿಗೆ ಒಂದೇ ಎತ್ತರದ ಮರದ ದಿಮ್ಮಿ ಕೊಡಿ. ದಿಮ್ಮಿಯ ನಡುವೆ ಅರ್ಧ ಇಂಚಿನ ಗುಳಿ ಕೊರೆಸಿ, ಕಾಲು ಅದರೊಳಗೆ ಕೂತರೆ ಜಾರುವುದಿಲ್ಲ. ಟ್ರಂಕಿನ ತಳಕ್ಕೆ ಹಳೆ ಕಂಬಳಿಯ ತುಂಡು ಅಂಟಿಸಿದರೆ ಫರ್ಸಿಯ ಮೇಲೆ ಎಳೆಯುವಾಗ ಗೀರು ಬೀಳುವುದಿಲ್ಲ.

ರೇಷ್ಮೆ, ಇಳಕಲ್ ಸೀರೆಗಳನ್ನು ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ; ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿದ್ದರೆ ಸೀರೆ ಅಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗದಿರಲಿ. ನುಸಿಗುಳಿಗೆ, ಕರ್ಪೂರ ಎರಡನ್ನೂ ಒಟ್ಟಿಗೆ ಹಾಕಲೇಬೇಡಿ. ಎರಡೂ ಸೇರಿದರೆ ಕರಗಿ ಎಣ್ಣೆಯಂತಾಗಿ ಬಟ್ಟೆಗೆ ಕಲೆ ಹತ್ತುತ್ತದೆ.

ಪ್ರಶ್ನೆ: ಬೇಸಿಗೆ ಮುಗಿದ ಮೇಲೆ ಕೂಲರ್ ಅರ್ಧ ವರಾಂಡ ನುಂಗುತ್ತದೆ. ಒಳಗೆ ಹಳೆ ಬಟ್ಟೆ ತುಂಬಿಡಬಹುದೇ?
– ಯಾದಗಿರಿ

ಉತ್ತರ: ಬಟ್ಟೆ ಬೇಡ. ಇಲಿ ಗೂಡು ಕಟ್ಟುತ್ತದೆ, ವೈರು ಕಡಿಯುತ್ತದೆ, ಕಬ್ಬಿಣದ ಕೂಲರಾದರೆ ತುಕ್ಕಿನ ಕಲೆ ಬಿಡುವುದೇ ಇಲ್ಲ. ಅದರೊಳಗೆ ಕೂಲರಿನ ಸಾಮಾನೇ ಇರಲಿ: ಪಂಪು, ಪೈಪು, ಸ್ಟ್ಯಾಂಡಿನ ಬೋಲ್ಟು.

ಎತ್ತಿಡುವ ಕ್ರಮ ಇದು. ನೀರು ಪೂರ್ತಿ ಬಸಿಯಿರಿ. ಪಂಪು ಬಂದ್ ಮಾಡಿ ಬರೀ ಫ್ಯಾನನ್ನು ಅರ್ಧ ಗಂಟೆ ಓಡಿಸಿದರೆ ಪ್ಯಾಡು ಒಣಗುತ್ತದೆ. ಆಮೇಲೆ ಪ್ಲಗ್ ಕಿತ್ತು ಪಂಪು ಹೊರಗೆ ತೆಗೆಯಿರಿ. ನಮ್ಮ ಕಡೆಯ ಬೋರಿನ ಗಡಸು ನೀರಿಗೆ ಪಂಪಿನ ಬಾಯಲ್ಲಿ ಬಿಳಿ ಸುಣ್ಣ ಕಟ್ಟಿರುತ್ತದೆ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು ಕಲಸಿ, ಪಂಪನ್ನು ಒಂದು ತಾಸು ನೆನೆಸಿ ತೊಳೆದರೆ ಬಿಡುತ್ತದೆ. ಹಾಗೇ ಬಿಟ್ಟ ಪಂಪು ಮುಂದಿನ ಮಾರ್ಚಿನಲ್ಲಿ ಗುಂಯ್ ಎನ್ನುತ್ತದೆ, ನೀರು ಏರುವುದಿಲ್ಲ. ಹುಲ್ಲಿನ ಪ್ಯಾಡನ್ನು ಬಿಸಾಡಿ, ಮುಂದಿನ ವರ್ಷ ಹೊಸದು ಹಾಕಿಸಿ, ಜಾಗವೂ ಉಳಿಯುತ್ತದೆ. ತೊಟ್ಟಿಯ ಮೂಲೆಯಲ್ಲಿ ಲೋಟದಷ್ಟು ನೀರು ನಿಂತರೂ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ, ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ತೋರಿಸಿ. ಮುಚ್ಚಲು ಹಳೆ ಚಾದರ ಸಾಕು. ಸ್ಟ್ಯಾಂಡಿನ ಕೆಳಗಿನ ಎರಡಡಿ ಜಾಗ ಚಪ್ಪಲಿ ಗೂಡಿಗೆ ಸರಿಹೋಗುತ್ತದೆ.

ಪ್ರಶ್ನೆ: ಹಳೆ ಕಲ್ಲಿನ ಮನೆ, ಗೋಡೆ ಒಂದೂವರೆ ಅಡಿ ದಪ್ಪ, ಮಣ್ಣಿನ ಗಾರೆ. ಶೆಲ್ಫ್ ಹೊಡೆಸಿದರೆ ಪ್ಲಗ್ ಸಮೇತ ಕಿತ್ತು ಬರುತ್ತದೆ.
– ಚಿತ್ತಾಪುರ

ಉತ್ತರ: ಬರಲೇಬೇಕು. 8 ಎಂಎಂ ಪ್ಲಾಸ್ಟಿಕ್ ಪ್ಲಗ್ ಸುತ್ತಲಿನ ಗಟ್ಟಿ ಗೋಡೆಯನ್ನು ಒತ್ತಿ ಹಿಡಿದು ನಿಲ್ಲುವಂಥದ್ದು. ಕಲ್ಲಿನ ನಡುವಿನ ಮಣ್ಣಿಗೆ ಬಿದ್ದರೆ ಹಿಡಿತವೇ ಇಲ್ಲ. ಡ್ರಿಲ್ ಮಾಡಿದಾಗ ಉದುರುವ ಪುಡಿ ನೋಡಿ. ಬಿಳಿ ಅಥವಾ ಬೂದಿ ಬಣ್ಣದ ನುಣುಪು ಪುಡಿ ಬಂದರೆ ಕಲ್ಲು, ಕೆಂಪು ಇಲ್ಲವೇ ಕಪ್ಪು ಮಣ್ಣು ಬಂದರೆ ಆ ತೂತು ಬಿಡಿ, ನಾಲ್ಕು ಇಂಚು ಸರಿದು ಮತ್ತೆ ನೋಡಿ.

ಶಹಾಬಾದ ಕಲ್ಲಿನ ಹಲಗೆ ಹಾಕಿಸುವವರು ಅದರದೇ ತೂಕ ಮರೆಯುತ್ತಾರೆ. ನಾಲ್ಕಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ಫರ್ಸಿ ಸುಮಾರು 25 ಕೆಜಿ. ಅದರ ಮೇಲೆ ಹಿತ್ತಾಳೆ ಪಾತ್ರೆ ಬೇರೆ. ಇಂಥದ್ದಕ್ಕೆ ಪ್ಲಗ್ಗಿನ ಬ್ರಾಕೆಟ್ ಸಾಲದು. ಮೇಸ್ತ್ರಿಯಿಂದ ಎರಡೂ ತುದಿ ಗೋಡೆಯೊಳಗೆ ನಾಲ್ಕಿಂಚು ಹೋಗುವಂತೆ ಸಿಮೆಂಟಿನಲ್ಲಿ ಕೂರಿಸಿ, ಒಂದು ವಾರ ಭಾರ ಹಾಕಬೇಡಿ.

ಆದರೆ ಒಂದೂವರೆ ಅಡಿ ದಪ್ಪದ ಗೋಡೆ ಇರುವವರಿಗೆ ಶೆಲ್ಫಿಗಿಂತ ದೊಡ್ಡ ಆಸ್ತಿ ಮನೆಯಲ್ಲೇ ಇದೆ. ಹಿರಿಯರು ಬಿಟ್ಟ ಮಾಡಗಳನ್ನು (ಗೋಡೆಯೊಳಗಿನ ಗೂಡುಗಳನ್ನು) ಎಷ್ಟೋ ಜನ ಇಟ್ಟಿಗೆ ತುಂಬಿ ಮುಚ್ಚಿಸಿರುತ್ತಾರೆ. ಗೋಡೆ ತಟ್ಟಿ ನೋಡಿ, ಪೊಳ್ಳು ಸದ್ದು ಬಂದ ಕಡೆ ಮೇಸ್ತ್ರಿಗೆ ತೋರಿಸಿ. ತೆರೆದ ಮಾಡದೊಳಗೆ ಸುಣ್ಣ ಹೊಡೆದು, ನಡುವೆ ಒಂದು ಹಲಗೆ ಕೊಟ್ಟರೆ ನೆಲದ ಒಂದಿಂಚೂ ಹಿಡಿಯದ ಕಪಾಟು ಸಿದ್ಧ. ಹೊಸದಾಗಿ ಮಾಡ ಕೊರೆಯುವ ಸಾಹಸ ಮಾತ್ರ ಬೇಡ, ಮೇಲಿನ ಕಲ್ಲುಗಳ ಭಾರ ಹೊರುವವರಾರು?

ಪ್ರಶ್ನೆ: ಬಿದ್ರಿ ಹೂದಾನಿ, ತಟ್ಟೆಗಳು ಹತ್ತಾರಿವೆ, ಶೋಕೇಸ್ ಇಡಲು ಜಾಗವಿಲ್ಲ. ಟ್ರಂಕಿನಲ್ಲಿಟ್ಟರೆ ಹಾಳಾಗುತ್ತವೆಯೇ?
– ಬೀದರ್

ಉತ್ತರ: ಸುತ್ತುವುದು ಸರಿಯಿದ್ದರೆ ಹಾಳಾಗುವುದಿಲ್ಲ. ಬಿದ್ರಿಯ ಮೈ ಸತು, ಜೊತೆಗೆ ಸ್ವಲ್ಪ ತಾಮ್ರ; ಮೇಲಿನ ಹೂಬಳ್ಳಿ ಬೆಳ್ಳಿ. ಆ ಕಪ್ಪು ಬಣ್ಣ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಎಂಬ ಲವಣದಿಂದ ಬಂದದ್ದು, ಹಚ್ಚಿದ ಬಣ್ಣವಲ್ಲ. ಹುಣಸೆ, ನಿಂಬೆ, ಹಿತ್ತಾಳೆ ತಿಕ್ಕುವ ಪುಡಿ ತಾಗಿದರೆ ಆ ಕಪ್ಪೇ ಹೋಗಿ ಬೂದಿ ಕಲೆ ನಿಲ್ಲುತ್ತದೆ. ಹಬ್ಬಕ್ಕೆ ಎಲ್ಲ ಪಾತ್ರೆಗಳ ಜೊತೆ ಇದನ್ನೂ ತಿಕ್ಕಿಬಿಡುವುದೇ ದೊಡ್ಡ ತಪ್ಪು. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿ, ಮತ್ತೆ ಒರೆಸಿ. ಒಂದೊಂದನ್ನೂ ಬೇರೆ ಬೇರೆ ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ, ದಾರದಿಂದ ಕಟ್ಟಿ. ರಬ್ಬರ್ ಬ್ಯಾಂಡ್ ಬೇಡ, ರಬ್ಬರಿನ ಗಂಧಕ ಬೆಳ್ಳಿಯನ್ನು ಕಂದಿಸುತ್ತದೆ. ಎರಡನ್ನು ಮಾಡದಲ್ಲಿ ಕಾಣುವಂತಿಟ್ಟು, ಯುಗಾದಿಗೆ, ದೀಪಾವಳಿಗೆ ಬದಲಿಸುತ್ತಿರಿ. ಟ್ರಂಕಿನಲ್ಲೇ ಮರೆತುಹೋದರೆ ಇಷ್ಟು ಚೆಂದದ ಕೆಲಸ ಮನೆಯಲ್ಲಿದ್ದೂ ಇಲ್ಲದಂತೆ.

ಪ್ರಶ್ನೆ: ಕಾಗದಪತ್ರ ಒಂದು ಗೋಣಿಚೀಲ ಆಗಿದೆ. ಯಾವುದು ಇಡಲಿ, ಯಾವುದು ರದ್ದಿಗೆ ಹಾಕಲಿ?
– ಶಹಾಪುರ

ಉತ್ತರ: ಹಳೆ ಪಹಣಿಯ ಹತ್ತಾರು ಝೆರಾಕ್ಸ್, ವಾರಂಟಿ ಮುಗಿದ ರಸೀದಿ, ಮದುವೆ ಕಾರ್ಡು ರದ್ದಿಗೆ ಹೋಗಲಿ. ಈಗಿನ ಪಹಣಿ ಬೇಕಾದಾಗ ಸರ್ಕಾರದ ‘ಭೂಮಿ’ ಎಂಬ ಕಂಪ್ಯೂಟರ್ ಭೂದಾಖಲೆ ವ್ಯವಸ್ಥೆಯಿಂದ ಹೊಸದೇ ಸಿಗುತ್ತದೆ. ನೋಂದಾಯಿತ ಖರೀದಿ ಪತ್ರ, ವಿಭಾಗ ಪತ್ರದ ಮೂಲ ಪ್ರತಿಗಳನ್ನು ಮಾತ್ರ ಎಂದಿಗೂ ಕಳೆಯಬೇಡಿ.

ನಮ್ಮ ಭಾಗದವರು ಇನ್ನೊಂದನ್ನು ಜೋಪಾನ ಮಾಡಬೇಕು: ಹಳೆ ಶಾಲಾ ದಾಖಲೆ. ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಅಡಿಯ ಅರ್ಹತಾ ಪತ್ರ ಮಾಡಿಸುವಾಗ ಹುಟ್ಟಿದ, ಓದಿದ, ವಾಸವಿದ್ದ ಪುರಾವೆ ಕೇಳುತ್ತಾರೆ. ತಂದೆತಾಯಿಯ ವ್ಯಾಸಂಗ ಪತ್ರವೂ ಮಕ್ಕಳಿಗೆ ಬೇಕಾಗುತ್ತದೆ. ಅದರಲ್ಲಿ ‘ಗುಲ್ಬರ್ಗಾ ಜಿಲ್ಲೆ’ ಎಂದಿದೆಯಲ್ಲ, ಈಗ ನಡೆಯುವುದಿಲ್ಲವೇನೋ ಎಂದು ಎಸೆಯಬೇಡಿ. ಊರಿನ ಹೆಸರು ಕಲಬುರಗಿ ಎಂದಾದದ್ದು 2014ರ ನವೆಂಬರಿನಲ್ಲಿ. ಯಾದಗಿರಿ ಬೇರೆ ಜಿಲ್ಲೆಯಾಗುವ ಮೊದಲಿನ ನಿಮ್ಮ ತಾಲೂಕಿನ ಕಾಗದಗಳಲ್ಲಿ ಗುಲ್ಬರ್ಗಾ ಎಂದೇ ಇರುತ್ತದೆ.

ಮೂಲ ಪ್ರತಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಅಂಟಿದ ಪ್ಲಾಸ್ಟಿಕ್ ಬಿಡಿಸಲು ಬರುವುದಿಲ್ಲ. ಮನೆಯ ಒಬ್ಬೊಬ್ಬರಿಗೆ ಒಂದೊಂದು ಪ್ಲಾಸ್ಟಿಕ್ ಹಾಳೆಯ ಫೈಲು, ಹೊಲ–ಮನೆಗೆ ಒಂದು. ಎಲ್ಲವನ್ನೂ ಒಂದು ಸಣ್ಣ ತಗಡಿನ ಪೆಟ್ಟಿಗೆಯಲ್ಲಿ ಅಡ್ಡಲಾಗಿ ಪೇರಿಸದೆ ನಿಲ್ಲಿಸಿಡಿ, ಹೆಸರು ಮೇಲಿಂದಲೇ ಕಾಣುತ್ತದೆ. ಪೆಟ್ಟಿಗೆ ನೆಲಕ್ಕೂ ಗೋಡೆಗೂ ತಾಗದಿರಲಿ, ಗೆದ್ದಲು ಬರುವುದು ಅಲ್ಲಿಂದಲೇ.

ಪ್ರಶ್ನೆ: ಬಚ್ಚಲಮನೆ ಬಾಗಿಲು ಒಳಗೆ ತೆರೆಯುತ್ತದೆ, ಬಕೆಟ್ ಇಡಲೂ ಜಾಗವಿಲ್ಲ.
– ಹುಮನಾಬಾದ್

ಉತ್ತರ: ಎರಡೂವರೆ ಅಡಿ ಅಗಲದ ಬಾಗಿಲು ತೆರೆದು ಮುಚ್ಚಲು ಸುಮಾರು 5 ಚದರಡಿ ನೆಲ ಖಾಲಿ ಬಿಡಬೇಕು. ಬಡಗಿಯನ್ನು ಕರೆಸಿ, ಚೌಕಟ್ಟಿನ ಹೊರಅಂಚಿಗೆ ಬಾಗಿಲು ಕೂರುವ ಗಾಡಿ (ತೋಡು) ಹೊಸದಾಗಿ ಕೊರೆಸಿ ಬಾಗಿಲು ಹೊರಗೆ ತೆರೆಯುವಂತೆ ತಿರುಗಿಸಿ. ಹೊರಗಡೆ ಓಣಿ ಇಕ್ಕಟ್ಟಾಗಿದ್ದರೆ ನಡುವೆ ಮಡಚುವ ಪಿವಿಸಿ ಬಾಗಿಲು ಹಾಕಿಸಿ. ಒಳಗೆ ಬಿದ್ದವರನ್ನು ಎತ್ತಬೇಕಾಗಿ ಬಂದರೂ ಹೊರಗೆ ತೆರೆಯುವ ಬಾಗಿಲೇ ಒಳ್ಳೆಯದು. ಮನೆಯಲ್ಲಿ ವಯಸ್ಸಾದವರಿದ್ದರೆ ಈ ಕೆಲಸ ಮುಂದೂಡಬೇಡಿ.